ಬಟಾಣಿ ಸ್ಕೂಲಿಗೆ ಹೋದ ದಿನ

"ಮಗು ಸ್ಕೂಲಿಗೆ ಸೇರ್ಲಿ, ಆಮೇಲೆ ಅವಳಿಗೆ ಹೇಳ್ತೀನಿ. ಈಗ್ಲೇ ಹೇಳಿದ್ರೆ ಕಷ್ಟ."

ಗಂಡ ಫೋನಿನಲ್ಲಿ ಆಡಿದ ಈ ಮಾತು ಅವಳ ಕಿವಿಗೆ ಬಿದ್ದು ಎಂಟು ದಿನವಾಗಿತ್ತು. ಒಣಗಿದ ಬಟ್ಟೆ ತರಲು ಬಾಲ್ಕನಿಗೆ ಹೋದಾಗ ಕೇಳಿಸಿದ್ದು. ಇವಳನ್ನು ಕಂಡದ್ದೇ ತಡ, ಅವನು ಫೋನನ್ನು ಜೇಬಿಗೆ ತುರುಕಿ, "ಮೋಡ ಆಗಿದೆ ಅಲ್ವಾ?" ಎಂದಿದ್ದ. ಆಕಾಶದಲ್ಲಿ ಹುಡುಕಿದರೂ ಒಂದು ಚೂರು ಮೋಡವಿರಲಿಲ್ಲ.

ತನಗೆ ಹೇಳುವುದು ಅಂದರೆ ಏನನ್ನು? ಬೇರೆ ಊರಿಗೆ ಹೋಗುತ್ತಾನಾ? ಅಥವಾ ತಮ್ಮನ್ನು ಬಿಟ್ಟೇ ಹೋಗುತ್ತಾನಾ?

ಕೇಳಿಬಿಡಬಹುದಿತ್ತು. ಆದರೆ ಅವರಿಬ್ಬರಿಗೂ ಮಾತನಾಡುವ ಅಭ್ಯಾಸ ತಪ್ಪಿ ಬಹಳ ಕಾಲವಾಗಿತ್ತು.

ಮಗಳು ಏಳನೇ ತಿಂಗಳಿಗೇ ಹುಟ್ಟಿದವಳು. ಅಂಗೈಯಗಲದ ಆ ಕೂಸನ್ನು ನರ್ಸಮ್ಮ "ಬಟಾಣಿ" ಎಂದು ಕರೆದದ್ದೇ ಹೆಸರಾಗಿ ಉಳಿಯಿತು. ಮೊದಲ ಎರಡು ವರ್ಷ ಒಬ್ಬರು ಮಲಗಿದರೆ ಇನ್ನೊಬ್ಬರು ಅವಳ ಉಸಿರು ಎಣಿಸುತ್ತ ಎಚ್ಚರವಿರುತ್ತಿದ್ದರು. ಆಮೇಲೆ ಕೆಲಸವನ್ನೂ ಹಾಗೇ ಹಂಚಿಕೊಂಡರು. ಇವಳು ಬೆಳಗ್ಗೆ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಅವನು ಲಿಫ್ಟ್ ಮೆಕ್ಯಾನಿಕ್, ಮಧ್ಯಾಹ್ನದ ಪಾಳಿ. ಒಂದೂವರೆಗೆ ಬಾಗಿಲಲ್ಲಿ ಅವನಿಂದ ಇವಳಿಗೆ ಮಗುವಿನ ಹಸ್ತಾಂತರ.

"ಔಷಧಿ ಕೊಟ್ಟಿದೀನಿ."

"ಸರಿ."

"ಕೆಮ್ಮು ಕಮ್ಮಿ ಆಗಿದೆ."

"ಸರಿ."

ಐದು ವರ್ಷದ ದಾಂಪತ್ಯದಲ್ಲಿ ಉಳಿದದ್ದು ಇಷ್ಟೇ ಮಾತು. ಈಗ ಬಟಾಣಿ ಸ್ಕೂಲಿಗೆ ಹೊರಟರೆ ಬಾಗಿಲಲ್ಲಿ ಕೈಗೆ ಕೈ ದಾಟಿಸಲು ಏನೂ ಇರುವುದಿಲ್ಲ. ಮಗು ಅತ್ತರೆ ಏನು ಮಾಡುವುದು ಎನ್ನುವುದು ಒಂದು ದಿಗಿಲು. ಮಗುವಿಲ್ಲದ ಮನೆಯಲ್ಲಿ ಈ ಮನುಷ್ಯನೂ ಇರುತ್ತಾನೋ ಇಲ್ಲವೋ ಎನ್ನುವುದು ಅದಕ್ಕಿಂತ ದೊಡ್ಡ ದಿಗಿಲು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆ ದಿನ ಬೆಳಗ್ಗೆ ಇವಳು ರಜೆ ಹಾಕಿದ್ದಳು. ಅವನು ಮಗಳ ಶೂ ಬೆಲ್ಟನ್ನು ಮೂರು ಸಲ ಬಿಚ್ಚಿ ಮೂರು ಸಲ ಹಾಕಿದ. ಆಮೇಲೆ ಇವಳ ಮುಖ ನೋಡದೆ ಹೇಳಿದ:

"ನೀನೇ ಬಿಟ್ಟು ಬಾ. ನನಗೆ ತುರ್ತು ಕೆಲಸ. ಎಲ್ಲೋ ಲಿಫ್ಟು ಸಿಕ್ಕಿಹಾಕ್ಕೊಂಡಿದೆಯಂತೆ."

"ಇವತ್ತೇನಾ?"

"ಲಿಫ್ಟಿಗೇನು ಗೊತ್ತು, ಇವತ್ತು ಏನು ಅಂತ?"

ಅವಳು ತುಟಿ ಕಚ್ಚಿಕೊಂಡು ಮಗಳ ಕೈ ಹಿಡಿದು ಹೊರಟಳು.

ಸ್ಕೂಲಿನ ಗೇಟಿನಲ್ಲಿ ಅಳುವಿನ ಸಂತೆ. ಒಬ್ಬ ಪುಟ್ಟ ಹುಡುಗ ಅಪ್ಪನ ಕಾಲಿಗೆ ಜೋತುಬಿದ್ದಿದ್ದ, ಇನ್ನೊಬ್ಬಳು ನೆಲದ ಮೇಲೆ ಉರುಳಾಡುತ್ತಿದ್ದಳು. ಇವಳು ಬಗ್ಗಿ ಬಟಾಣಿಯ ಕಿವಿಯಲ್ಲಿ, "ಅಳಬಾರದು ಆಯ್ತಾ, ಅಮ್ಮ ಬೇಗ ಬರ್ತೀನಿ," ಎಂದಳು. ಹೇಳುತ್ತಲೇ ಮಗಳ ಬೆರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಬಟಾಣಿ ಅಮ್ಮನ ಮುಖವನ್ನೇ ಒಂದು ಗಳಿಗೆ ನೋಡಿದಳು.

"ಅಮ್ಮಾ, ನೀನು ಬೆರಳು ಬಿಟ್ರೆ ತಾನೆ ನಾನು ಹೋಗೋದು?"

ಅವಳು ಬಿಟ್ಟಳು. ಹುಡುಗಿ ದೊಡ್ಡ ಬ್ಯಾಗನ್ನು ಬೆನ್ನಿಗೇರಿಸಿಕೊಂಡು ಟಕಟಕ ನಡೆದು, ನೆಲದ ಮೇಲೆ ಅಳುತ್ತಿದ್ದ ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಏನೋ ಕೇಳಿದಳು. ಟೀಚರು ಇಬ್ಬರನ್ನೂ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಬಟಾಣಿ ತಿರುಗಿ ನೋಡಲೇ ಇಲ್ಲ.

ಉಸಿರಿಗೂ ಮಿಷಿನ್ನು ಬೇಕಿದ್ದ ಕೂಸು, ಇವತ್ತು ಇನ್ನೊಬ್ಬಳನ್ನು ಸಮಾಧಾನ ಮಾಡಿ ಒಳಗೆ ಹೋಗಿತ್ತು. ನಾಲ್ಕು ವರ್ಷದಿಂದ ಬಿಗಿಹಿಡಿದದ್ದೆಲ್ಲ ಒಮ್ಮೆಲೇ ಸಡಿಲವಾಗಿ ಅವಳು ಗೇಟಿನ ಕಂಬಿ ಹಿಡಿದು ನಿಂತೇಬಿಟ್ಟಳು. ನಗುವೋ ಅಳುವೋ, ಅವಳಿಗೇ ತಿಳಿಯಲಿಲ್ಲ.

ಕಣ್ಣೊರೆಸಿಕೊಂಡು ತಿರುಗಿದರೆ ರಸ್ತೆಯಾಚೆ, ಪೆನ್ನು ಪುಸ್ತಕದ ಅಂಗಡಿಯ ಬಾಗಿಲ ಹಿಂದೆ ಯಾರೋ ಸರಕ್ಕನೆ ಬಚ್ಚಿಟ್ಟುಕೊಂಡರು. ಆದರೆ ಸ್ಪ್ಯಾನರುಗಳ ಚೀಲ ಹೊರಗೇ ಉಳಿದಿತ್ತು.

ಅವಳು ರಸ್ತೆ ದಾಟಿ ಹೋಗಿ ನಿಂತಳು. "ರೀ."

ಅವನು ಮೆಲ್ಲಗೆ ಹೊರಗೆ ಬಂದ. ಮೂಗು ಕೆಂಪಾಗಿತ್ತು, ಕಣ್ರೆಪ್ಪೆ ಒದ್ದೆಯಾಗಿತ್ತು.

"ಲಿಫ್ಟು ಎಲ್ಲಿ ಸಿಕ್ಕಿಹಾಕ್ಕೊಂಡಿದೆ?"

"ಇಲ್ಲಿ," ಎಂದು ಅವನು ತನ್ನ ಗಂಟಲು ಮುಟ್ಟಿ ತೋರಿಸಿದ. "ನಾನು ಅತ್ರೆ ಅವಳೂ ಅಳ್ತಾಳೆ ಅಂತ ಸುಳ್ಳು ಹೇಳಿದೆ. ಅವಳು ನೋಡಿದ್ರೆ... ತಿರುಗಿ ಕೂಡ ನೋಡ್ಲಿಲ್ಲ ಕಣೇ, ಕಳ್ಳಿ."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ, ಎಂಟು ದಿನದಿಂದ ನುಂಗಿಕೊಂಡಿದ್ದೂ ಬಂತು.

"ಅವಳು ಸ್ಕೂಲಿಗೆ ಸೇರಿದ ಮೇಲೆ ನನಗೇನೋ ಹೇಳ್ಬೇಕು ಅಂತ ಫೋನಲ್ಲಿ ಹೇಳ್ತಿದ್ರಲ್ಲ. ಸೇರಾಯ್ತು. ಹೇಳಿ. ಬಿಟ್ಟುಹೋಗೋದಾದ್ರೆ ಅದನ್ನೂ ನೇರವಾಗಿ ಹೇಳಿ."

ಅವನು ಬೆಪ್ಪಾದ. "ಬಿಟ್ಟು? ಎಲ್ಲಿಗೆ?"

"ನನಗೇನು ಗೊತ್ತು? ಮೋಡ ತೋರಿಸಿದ್ದು ನೀವು."

"ಅಯ್ಯೋ! ಅದು ಸೂಪರ್‌ವೈಸರ್ ಫೋನು. ಬಟಾಣಿ ಸ್ಕೂಲಿಗೆ ಸೇರಿದ ಮೇಲೆ ಹಗಲು ಪಾಳಿ ಕೊಡಿ ಅಂತ ಮೂರು ತಿಂಗಳಿಂದ ಅವರ ಬೆನ್ನು ಬಿದ್ದಿದ್ದೆ. ಸಿಗದೇ ಹೋದ್ರೆ ನಿನಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ. ಇವತ್ತು ಬೆಳಗ್ಗೆ ಒಪ್ಪಿದ್ರು. ಸೋಮವಾರದಿಂದ ಸಂಜೆ ಆರಕ್ಕೆ ಮನೇಲಿರ್ತೀನಿ." ಅವನು ಚೀಲವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸಿದ. "ಅಂದ್ರೆ... ನಿನಗೆ ಬೇಕು ಅನ್ನಿಸಿದ್ರೆ. ಮಗು ಇದೆ ಅಂತ ನನ್ನ ಸಹಿಸ್ಕೊಂಡಿದೀಯೇನೋ ಅನ್ನಿಸ್ತಿತ್ತು."

"ನಾನೂ ಅದನ್ನೇ ಅಂದ್ಕೊಂಡಿದ್ದೆ," ಎಂದಳು ಅವಳು. "ನಿಮ್ಮ ಬಗ್ಗೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳ ಹೆಗಲಿನಿಂದ ಭಾರವೊಂದು ಜಾರಿಬಿತ್ತು. ಅವನು ಕೈ ಚಾಚಿದ, ಅವಳು ಹಿಡಿದಳು. ಗ್ರೀಸಿನ ಕಪ್ಪು ಇಳಿಯದ ಆ ಬೆರಳುಗಳು ಬೆಚ್ಚಗಿದ್ದವು.

"ನನ್ನ ಡ್ಯೂಟಿಗೆ ಇನ್ನೂ ನಾಲ್ಕು ಗಂಟೆ ಇದೆ," ಎಂದ. "ನಡೀತಾ ಮಾತಾಡೋಣ. ಆದ್ರೆ ಬಟಾಣಿ ವಿಷಯ ಬೇಡ."

"ಬೇಡ."

ಹತ್ತು ಹೆಜ್ಜೆ ನಡೆದರು. ಹನ್ನೊಂದನೆಯ ಹೆಜ್ಜೆಗೆ ಅವನು ನಿಂತು, ಅವಳನ್ನು ಪಕ್ಕದಿಂದ, ಹೊಸದಾಗಿ ನೋಡಿದ.

"ಕೂದಲು ಯಾವಾಗ ಕತ್ತರಿಸ್ಕೊಂಡೆ?"

"ಮೂರು ತಿಂಗಳಾಯ್ತು."

ಅವನು ಅಪರಾಧಿಯ ಹಾಗೆ ಕಿವಿ ಹಿಡಿದುಕೊಂಡ. ಅವಳು ಮುನಿಸು ನಟಿಸಲು ನೋಡಿದಳು, ಕೆನ್ನೆಯ ನಗು ಮಾತು ಕೇಳಲಿಲ್ಲ.

"ಚೆನ್ನಾಗಿದೆ," ಎಂದ ಅವನು. "ಮೂರು ತಿಂಗಳಿಂದಲೂ ಚೆನ್ನಾಗಿದೆ."