ಬಲಮೂಲೆಯ ಗೊದಮೊಟ್ಟೆ

ಪರದೆ ಇದ್ದಕ್ಕಿದ್ದಂತೆ ಬೆಳ್ಳಗಾಯಿತು. ನಾಯಕಿ ಬಾಗಿಲು ತೆರೆದು ಎದುರಿಗಿದ್ದವನನ್ನು ಕಂಡು ಬೆಚ್ಚಬೇಕಿದ್ದ ಜಾಗದಲ್ಲಿ ಬರೀ ಬೆಳಕು. ಆಮೇಲೆ ಬಾಲ್ಕನಿಯಿಂದ ಒಂದು ಶಿಳ್ಳೆ ಬಿತ್ತು. ಅದರ ಬೆನ್ನಿಗೇ ಕೆಳಗಿನಿಂದ ಹತ್ತಾರು ಎದ್ದವು.

"ಏಯ್ ಆಪರೇಟರ್! ನಿದ್ದೆನಾ?"

ಮೇಲೆ ಕ್ಯಾಬಿನ್ನಿನಲ್ಲಿ ಆಪರೇಟರ್ ನಿದ್ದೆ ಮಾಡುತ್ತಿರಲಿಲ್ಲ. ರೆಪ್ಪೆ ಮುಚ್ಚದೆ ಪರದೆಯ ಬಲಮೂಲೆಯನ್ನೇ ನೋಡುತ್ತಿದ್ದಳು. ಅಲ್ಲಿ ಬರಬೇಕಾದ ಚುಕ್ಕಿ ಬಂದೇ ಇರಲಿಲ್ಲ.

ಹಳೆಯ ಸಿನಿಮಾ ಎಂದರೆ ಹಲವು ರೀಲು. ಅಕ್ಕಪಕ್ಕ ಎರಡು ಪ್ರೊಜೆಕ್ಟರ್. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಗಬೇಕು, ಕೂತವರಿಗೆ ಗೊತ್ತೇ ಆಗಬಾರದು. ಅದಕ್ಕೇ ಪ್ರತಿ ರೀಲಿನ ಕೊನೆಗೆ ಪರದೆಯ ಬಲಮೂಲೆಯಲ್ಲಿ ಎರಡು ಚುಕ್ಕಿ ಮಿಂಚಿ ಹೋಗುತ್ತವೆ. ಮೊದಲನೆಯದಕ್ಕೆ ಪಕ್ಕದ ಮೆಷಿನ್ನಿನ ಮೋಟಾರು ಹಾಕಬೇಕು, ಎರಡನೆಯದಕ್ಕೆ ಬದಲಾಯಿಸಬೇಕು. ಜನ ಜೀವಮಾನವಿಡೀ ಸಿನಿಮಾ ನೋಡಿದರೂ ಆ ಚುಕ್ಕಿಯನ್ನು ನೋಡುವುದಿಲ್ಲ. ಇವಳು ಅದನ್ನು ಬಿಟ್ಟು ಬೇರೇನೂ ನೋಡಿದವಳಲ್ಲ. ಎಷ್ಟೋ ಸಿನಿಮಾಗಳ ಕಥೆ ಕೇಳಿದರೆ ತಡವರಿಸುತ್ತಾಳೆ, ಚುಕ್ಕಿ ಎಲ್ಲಿ ಎಂದರೆ ಥಟ್ಟನೆ ಹೇಳುತ್ತಾಳೆ.

ಮುಂದಿನ ಸಲ ಅಂದಾಜಿನ ಮೇಲೆ ಬದಲಾಯಿಸಿದಳು. ಅದು ಬೇಗ ಆಯಿತು. ನಾಯಕನ ಮಾತು ಅರ್ಧಕ್ಕೇ ತುಂಡಾಗಿ ಜನ ಗೊಳ್ಳೆಂದರು. ಅಷ್ಟು ಹೊತ್ತಿಗೆ ಮ್ಯಾನೇಜರು ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದು, ರೀಲು ನಿಲ್ಲಿಸಿ, ಉಳಿದ ಸಿನಿಮಾವನ್ನು ಡಿಜಿಟಲ್ ಮೆಷಿನ್ನಿನಲ್ಲಿ ಓಡಿಸಿ ಮುಗಿಸಿದರು.

"ನೋಡಮ್ಮ, ಹಳೇ ಸಿನಿಮಾನ ಹಳೇ ಮೆಷಿನ್ನಲ್ಲೇ ತೋರಿಸೋಣ ಅಂದೋಳು ನೀನು. ನಿಮ್ಮಪ್ಪನ ಮುಖ ನೋಡಿ ಒಪ್ಪಿದೆ. ಮಧ್ಯಾಹ್ನದ ಆಟ ಒಂದಿದೆ. ಅದರಲ್ಲೂ ಹೀಗೇ ಆದ್ರೆ ಈ ಎರಡು ಮೆಷಿನ್ನೂ ಗುಜರಿಗೆ. ಮತ್ತೆ ನನ್ನ ಹತ್ರ ಬರ್ಬೇಡ."

ಆ ಎರಡು ಮೆಷಿನ್ನುಗಳಿಗೆ ಎಣ್ಣೆ ಹಾಕಿಯೇ ಅಪ್ಪ ಅವಳನ್ನು ಸಾಕಿದ್ದು. ಅವು ಹೋದರೆ ಅಪ್ಪನ ಎದುರು ಯಾವ ಮುಖ ಹೊತ್ತು ನಿಲ್ಲುವುದು?

ಸಿಟ್ಟು ನೆತ್ತಿಗೇರಿತ್ತು. ಅದನ್ನು ಯಾರ ಮೇಲೆ ಇಳಿಸಬೇಕೋ ಅವನು ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದ.

ಅವನಿಗೆ ರೀಲ್ ಡಾಕ್ಟರ್ ಎಂದು ಹೆಸರಿಟ್ಟವಳು ಅವಳೇ, ಫೋನಿನಲ್ಲಿ, ನಗುನಗುತ್ತ. ಈ ಸಿನಿಮಾ ಮೊದಲ ಸಲ ಓಡಿದ್ದೇ ಈ ಥಿಯೇಟರಿನಲ್ಲಿ. ಉಳಿದಿದ್ದ ಒಂದೇ ಒಂದು ಪ್ರಿಂಟು ಸಿಕ್ಕಿದ್ದೂ ಇಲ್ಲಿನ ಮೆಟ್ಟಿಲ ಕೆಳಗೆ, ಬೂಷ್ಟು ಹಿಡಿದು. ಅದನ್ನು ಚಿತ್ರ ಸಂಗ್ರಹಾಲಯಕ್ಕೆ ಒಯ್ದು, ಒಂದೊಂದು ಫ್ರೇಮಿನ ಗೀರನ್ನೂ ಕಲೆಯನ್ನೂ ತೆಗೆದು, ಹೊಸ ಪ್ರಿಂಟು ಮಾಡಿದವನು ಅವನು. ಮೂರು ವರ್ಷದ ಕೆಲಸ. ರೀಲು ಕಳಿಸುವ ನೆಪದಲ್ಲಿ ಶುರುವಾದ ಫೋನು ಕಳೆದ ತಿಂಗಳಿಡೀ ನೆಪವಿಲ್ಲದೆಯೇ ಬರುತ್ತಿತ್ತು. ಇವತ್ತೇ ಮೊದಲ ಭೇಟಿ.

"ಏನಾಯ್ತು?" ಎಂದ. ಫೋನಿನಲ್ಲಿ ಕೇಳಿದ್ದಕ್ಕಿಂತ ಮೆತ್ತಗಿನ ದನಿ. ಅದೂ ಅವಳಿಗೆ ಸಿಟ್ಟು ತರಿಸಿತು.

"ಏನಾಯ್ತು ಅಂತ ನನ್ನ ಕೇಳ್ತೀರಾ? ಚುಕ್ಕಿ ಎಲ್ಲಿ?"

"ಯಾವ ಚುಕ್ಕಿ?"

"ಬಲಮೂಲೇಲಿ ಇದ್ದದ್ದು! ಪ್ರತಿ ರೀಲಿನ ಕೊನೇಲಿ!"

ಅವನ ಮುಖ ಬಿಳುಚಿಕೊಂಡಿತು. "ಅದು... ಕಲೆ ಅಂತ ತೆಗೆದೆ. ಪರದೆ ಮೇಲೆ ಅಸಹ್ಯವಾಗಿ ಕಾಣತ್ತೆ ಅಂತ ಅಳಿಸಿದೆ. ಈಗೆಲ್ಲ ಕಂಪ್ಯೂಟರಲ್ಲೇ ತೋರಿಸ್ತಾರಲ್ಲ, ನಾನು ಯೋಚನೇನೇ ಮಾಡ್ಲಿಲ್ಲ."

"ಅಸಹ್ಯ!" ಅವಳ ಕೈಯಲ್ಲಿದ್ದ ಖಾಲಿ ರೀಲು ಬೆಂಚಿನ ಮೇಲೆ ದಡಾರನೆ ಬಿತ್ತು. "ಅದು ನಮ್ಮಪ್ಪ ಸೂಜಿ ಹಿಡಿದು ಒಂದೊಂದಾಗಿ ಹಾಕಿದ್ದು. ನೀವು ಕಸ ಗುಡಿಸಿದ ಹಾಗೆ ಗುಡಿಸಿಬಿಟ್ರಿ. ದೊಡ್ಡ ಡಾಕ್ಟ್ರು! ಕಾಯಿಲೆ ಯಾವುದು, ಕಣ್ಣು ಯಾವುದು ಅಂತ ಗೊತ್ತಿಲ್ಲದ ಡಾಕ್ಟ್ರು!"

ಮೆಟ್ಟಿಲಲ್ಲಿ ಊರುಗೋಲಿನ ಸದ್ದಾಯಿತು. ಅಪ್ಪ ಬಂದರು. ಅವರ ಕಣ್ಣಿಗೆ ಈಗ ಪರದೆಯೂ ಮಬ್ಬು. ಕೊನೆಯ ಸಾಲಿನಲ್ಲಿ ಕೂತು ಮೆಷಿನ್ನಿನ ಸದ್ದು ಕೇಳುತ್ತಾರೆ, ಅಷ್ಟೇ.

"ಗೊದಮೊಟ್ಟೆ, ಆಟಕ್ಕೆ ಮುಂಚೆ ರೀಲು ಬೆಂಚಿನ ಮೇಲೆ ಬಿಚ್ಚಿ ನೋಡಿದ್ಯೋ ಇಲ್ವೋ?"

ಯಾವ ರೀಲನ್ನೂ ಬಿಚ್ಚಿ ನೋಡದೆ ಮೆಷಿನ್ನಿಗೆ ಹಾಕಬಾರದು. ಅಪ್ಪ ಕಲಿಸಿದ ಮೊದಲ ಪಾಠ ಅದು. ಹೊಸ ಪ್ರಿಂಟು, ಅವನೇ ಮಾಡಿದ್ದು ಎಂದು ನಂಬಿದ್ದಳು. ರೀಲು ನೋಡಬೇಕಿದ್ದ ಬೆಳಗ್ಗೆಯನ್ನು ಕನ್ನಡಿಯ ಮುಂದೆ ಒಂದು ಕುರ್ತಾ ಬಿಚ್ಚಿ ಇನ್ನೊಂದು ತೊಡುವುದರಲ್ಲಿ ಕಳೆದಿದ್ದಳು. ಈ ಮಾತನ್ನು ಯಾರಿಗೆ ಹೇಳುವುದು? ಅವನ ಮೇಲಿನ ಸಿಟ್ಟಿಗಿಂತ ಆ ಹಳದಿ ಕುರ್ತಾದ ಮೇಲೆ ಹೆಚ್ಚು ಸಿಟ್ಟು ಬಂತು.

"ನೋಡ್ಲಿಲ್ಲ ಅಪ್ಪಾ."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರು ಮಾತ್ರ ಅವಳನ್ನೇ ನೋಡುತ್ತಿದ್ದ. "ಏನಂತ ಕರೆದ್ರು ನಿಮ್ಮನ್ನ? ಗೊದಮೊಟ್ಟೆ?"

"ಮನೇಲಿ ಕರೆಯೋ ಹೆಸರು. ನಗೋ ಹಾಗಿದ್ರೆ ಹೊರಗೆ ಹೋಗಿ ನಗಿ."

ಅವನು ನಗಲಿಲ್ಲ. ರೀಲಿನ ಡಬ್ಬಿಯತ್ತ ಒಮ್ಮೆ ಕಣ್ಣು ಹಾಯಿಸಿದ.

"ಸೂಜಿ ಇದೆ. ಈಗಲೇ ಗೀರ್ತೀನಿ," ಎಂದಳು ಅವಳು.

"ಬೇಡ." ಅವನು ರೀಲಿನ ಡಬ್ಬಿಗೆ ಅಡ್ಡ ನಿಂತ. "ಪೆನ್ಸಿಲ್ಲೂ ಬೇಡ, ಟೇಪೂ ಬೇಡ. ಇಷ್ಟು ಶುಭ್ರವಾದ ಪ್ರಿಂಟು. ಇದನ್ನ ಹೀಗೆ ಮಾಡೋಕೆ ನನ್ನ ಕಣ್ಣು ಎಷ್ಟು ಉರಿದಿದೆ ಅಂತ ನಿಮಗೆ ಗೊತ್ತಿಲ್ಲ."

"ಹಾಗಾದ್ರೆ ಮಧ್ಯಾಹ್ನ ನಾನೇನು ಜ್ಯೋತಿಷ್ಯ ನೋಡ್ಲಾ?"

"ನಾನು ಹೇಳ್ತೀನಿ. ಯಾವ ಫ್ರೇಮು ಆದಮೇಲೆ ಯಾವುದು ಅಂತ ನನಗೆ ಬಾಯಿಪಾಠ. ಪಕ್ಕದಲ್ಲಿ ನಿಂತು ಹೇಳ್ತೀನಿ."

"ಮೆಷಿನ್ ಓಡುವಾಗ ಇಲ್ಲಿ ಕಿರುಚಿದ್ರೂ ಕೇಳಲ್ಲ."

ಅವನು ಅವಳ ಭುಜದತ್ತ ನೋಡಿದ. "ಹಾಗಾದ್ರೆ... ಭುಜ ತಟ್ಟಿ ಹೇಳಬಹುದು."

ಅವಳು ದುರುಗುಟ್ಟಿ ನೋಡಿದಳು. ಬೇರೆ ದಾರಿ ಅವಳಿಗೂ ಹೊಳೆಯಲಿಲ್ಲ. "ಒಂದು ಬೆರಳು," ಎಂದಳು. "ಒಂದೇ."

ಅಪ್ಪ ಊರುಗೋಲು ಊರುತ್ತ ಇಳಿದು ಹೋದರು. ಇಳಿಯುವಾಗ ಅವರು ಕೆಮ್ಮಿದ್ದು ಕೆಮ್ಮಲ್ಲ, ನಗು ಎಂದು ಅವಳಿಗೆ ಅನುಮಾನ.

ಮಧ್ಯಾಹ್ನದ ಆಟಕ್ಕೆ ಥಿಯೇಟರು ತುಂಬಿತ್ತು. ಬೆಳಗಿನ ಸುದ್ದಿ ಹಬ್ಬಿತ್ತೋ ಏನೋ, ಶಿಳ್ಳೆ ಹೊಡೆಯಲೆಂದೇ ಬಂದವರ ಹಾಗೆ ಹಿಂದಿನ ಸಾಲುಗಳು ಕಾಯುತ್ತಿದ್ದವು. ದೀಪ ಆರಿತು. ಮೆಷಿನ್ನು ಗಡಗಡ ಶುರುವಾಯಿತು.

ಅವಳು ಎರಡು ಮೆಷಿನ್ನುಗಳ ನಡುವೆ ನಿಂತಳು, ಅವನು ಅವಳ ಹಿಂದೆ. ಅವನ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಸ್ವಲ್ಪ ದೂರ ನಿಲ್ಲಬಾರದೇ ಎಂದು ಹಲ್ಲು ಕಡಿದಳು. ಅವನು ನಿಜವಾಗಿಯೂ ದೂರ ಸರಿದಾಗ ಅದಕ್ಕೂ ಹಲ್ಲು ಕಡಿದಳು.

ಮೊದಲ ರೀಲು ಕೊನೆಗೆ ಬಂತು. ಎಡಭುಜದ ಮೇಲೆ ಒಂದು ಬೆರಳು ಇಳಿಯಿತು. ಮೋಟಾರು ಹಾಕಿದಳು. ಅವನು ಉಸಿರು ಬಿಗಿಹಿಡಿದದ್ದು ಅವಳಿಗೆ ಬೆನ್ನಿನಿಂದಲೇ ಗೊತ್ತಾಯಿತು. ಮತ್ತೆ ಬೆರಳು. ಬದಲಾಯಿಸಿದಳು. ನಾಯಕಿ ಬಾಗಿಲು ತೆರೆದಳು, ಎದುರಿಗಿದ್ದವನನ್ನು ಕಂಡು ಬೆಚ್ಚಿದಳು. ಕೆಳಗೆ ಒಬ್ಬರೂ ಉಸಿರೆತ್ತಲಿಲ್ಲ.

ತಿರುಗಿ ನೋಡಿದಳು. ಅವನ ಹಣೆಯ ತುಂಬ ಬೆವರು, ಕಣ್ಣಲ್ಲಿ ಮೆಚ್ಚುಗೆ. ಅವಳು ಮುಖ ಗಂಟಿಕ್ಕಿ ಮುಂದೆ ತಿರುಗಿದಳು. ಗಂಟು ಮೊದಲಿನಷ್ಟು ಬಿಗಿಯಾಗಿರಲಿಲ್ಲ.

ಹೀಗೇ ಒಂದೊಂದು ರೀಲೂ ದಾಟಿತು. ಬೆರಳು ಎಲ್ಲಿ ಬೀಳುತ್ತದೆಂದು ಭುಜಕ್ಕೇ ಗೊತ್ತಾಗಿ ಅದು ಮೊದಲೇ ಕಾಯತೊಡಗಿತು. ತನ್ನ ಭುಜದ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಇನ್ನು ಕೊನೆಯ ಬದಲಾವಣೆ. ನಾಯಕ ರೈಲಿನ ಹಿಂದೆ ಓಡುತ್ತಿದ್ದಾನೆ. ರೀಲು ತೆಳ್ಳಗಾಗುತ್ತಿದೆ. ಬೆರಳು ಬರಲಿಲ್ಲ. ತಿರುಗಿ ನೋಡಿದರೆ ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾನೆ! ಮುಳುಗಿಸಿಬಿಟ್ಟ ಪುಣ್ಯಾತ್ಮ ಎಂದುಕೊಳ್ಳುವಷ್ಟರಲ್ಲಿ ಅವನು ಗಲ್ಲ ಎತ್ತಿ ಪರದೆ ತೋರಿಸಿದ. ಅವಳು ಆ ಕಡೆ ಹೊರಳಿದಳು.

ಬಲಮೂಲೆಯಲ್ಲಿ ಒಂದು ಗುರುತು ಮಿಂಚಿತು. ಸೊಟ್ಟ ಸುತ್ತು, ಅದಕ್ಕೊಂದು ಬಾಲ.

ಕೈ ತಾನಾಗಿ ಮೋಟಾರು ಹಾಕಿತು. ಅಪ್ಪನ ಬಲಗೈಗೆ ಪ್ಲಾಸ್ಟರ್ ಹಾಕಿದ್ದ ವರ್ಷ ಈ ರೀಲಿನ ತುದಿ ಹರಿದು ಚುಕ್ಕಿಗಳು ಹೋಗಿದ್ದವು. ಹೊಸದಾಗಿ ಗೀರಲು ಅಪ್ಪ ಅವಳ ಪುಟ್ಟ ಕೈಗೆ ಸೂಜಿ ಕೊಟ್ಟಿದ್ದರು. ಕೈ ಜಾರಿತ್ತು. ಭೂತಗನ್ನಡಿಯಲ್ಲಿ ನೋಡಿ ಅಪ್ಪ "ಇದೇನೇ ಇದು, ಗೊದಮೊಟ್ಟೆ" ಎಂದು ಬಿದ್ದು ಬಿದ್ದು ನಕ್ಕಿದ್ದರು. ಹೆಸರು ಅಂಟಿದ್ದು ಅವತ್ತೇ.

ಎರಡನೆಯ ಗೊದಮೊಟ್ಟೆ ಮಿಂಚಿತು. ಬದಲಾಯಿಸಿದಳು. ರೈಲು ನಿಂತಿತು.

ಸಿನಿಮಾ ಮುಗಿದು, ಚಪ್ಪಾಳೆ ಮುಗಿದು, ಮ್ಯಾನೇಜರು ಕೆಳಗಿನಿಂದಲೇ ಹೆಬ್ಬೆರಳು ಎತ್ತಿ ಹೋದರು. ಆಮೇಲೆ ಅವಳು ತಿರುಗಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಕೆಂಡ.

"ಅಪ್ಪಂದೆಲ್ಲ ಅಳಿಸಿ ನಂದು ಉಳಿಸಿದ್ರಾ? ಅವರು ಹಾಕಿದ್ದು ಕಸ, ನನ್ನ ಸೊಟ್ಟ ಗೀರು ಚಿನ್ನನಾ?"

"ಅವರದು ಅಚ್ಚೊತ್ತಿದ ಹಾಗಿತ್ತು. ಮೆಷಿನ್ ಹಾಕಿದ್ದು ಅಂದ್ಕೊಂಡೆ, ಅಳಿಸಿದೆ. ಇದನ್ನೂ ಅಳಿಸೋಕೆ ಎಷ್ಟೋ ಸಲ ಕೂತೆ. ಕೈ ಬರ್ಲಿಲ್ಲ. ನೋಡಿದ ಕೂಡ್ಲೇ ಗೊತ್ತಾಗೋದು, ಇಲ್ಲಿ ಯಾರೋ ಇದ್ದಾರೆ ಅಂತ. ಉಸಿರು ಬಿಗಿಹಿಡಿದು, ನಾಲಿಗೆ ಕಚ್ಕೊಂಡು, ತಪ್ಪಾಗಬಾರದು ಅಂತ ಒದ್ದಾಡ್ತಾ ಇರೋರು." ಅವನು ತಲೆ ತಗ್ಗಿಸಿದ. "ಕೆಲಸ ಸಾಕು ಅನ್ನಿಸಿದಾಗೆಲ್ಲ ಈ ರೀಲು ತೆಗೆದು ನೋಡ್ತಿದ್ದೆ. ನಿಮ್ಮ ದನಿ ಫೋನಲ್ಲಿ ಕೇಳೋಕೆ ಮುಂಚೇನೇ ನಿಮ್ಮನ್ನ ಇಷ್ಟಪಟ್ಟಿದ್ದೆ. ನಾನೂ ಆ ಗುರುತನ್ನ ಗೊದಮೊಟ್ಟೆ ಅಂತಲೇ ಅಂದ್ಕೊಳ್ತಿದ್ದೆ. ಅದು ನೀವೇ ಅಂತ ಗೊತ್ತಾಗಿದ್ದು ಬೆಳಗ್ಗೆ, ನಿಮ್ಮಪ್ಪ ನಿಮ್ಮನ್ನ ಹಾಗೆ ಕರೆದಾಗ."

ಅವಳು ಬೈಯಲು ಒಂದು ಮಾತು ಹುಡುಕುತ್ತಿದ್ದಳು.

"ಏನಂದ?" ಬಾಗಿಲಲ್ಲಿ ಅಪ್ಪ. "ಮೆಷಿನ್ ಹಾಕಿದ್ದು ಅಂದ್ಕೊಂಡ್ನಾ? ನನ್ನ ಚುಕ್ಕೀನಾ?" ಅವರ ಮುಖ ಊರಗಲವಾಗಿತ್ತು. "ಹುಡುಗನಿಗೆ ಕಣ್ಣಿದೆ ಕಣೇ."

"ಅಳಿಸಿದ್ದಾರೆ ಅಪ್ಪಾ! ಎಲ್ಲಾ ಅಳಿಸಿದ್ದಾರೆ!"

"ಅಳಿಸ್ಲಿ. ಮತ್ತೆ ಹಾಕು."

ಅವಳು ಡಾಕ್ಟರನ್ನು ನೋಡಿದಳು. ಅವನು ಡಬ್ಬಿಯ ಮುಚ್ಚಳ ತೆಗೆದು, ಮೊದಲ ರೀಲನ್ನು ಬೆಂಚಿನ ಮೇಲಿಟ್ಟ. ಗೋಡೆಯ ಗೂಡಿನಲ್ಲಿದ್ದ ಸೂಜಿಯನ್ನು ಅವಳತ್ತ ಚಾಚಿದ.

"ಆಮೇಲೆ ನಿಮ್ಮ ಸಂಗ್ರಹಾಲಯದೋರು ಕೇಳಿದ್ರೆ?"

"ಇರಬೇಕಾದ್ದನ್ನ ನಾನೇ ಅಳಿಸಿಬಿಟ್ಟಿದ್ದೆ, ಗೊತ್ತಿರೋರ ಕೈಲಿ ಮತ್ತೆ ಹಾಕಿಸಿದೆ ಅಂತೀನಿ. ಬೈದ್ರೆ ಬೈಸ್ಕೋತೀನಿ. ನಿಮ್ಮ ಹತ್ರ ಅಭ್ಯಾಸ ಆಯ್ತಲ್ಲ."

"ನನ್ನ ಕೋಪ ಇನ್ನೂ ಇಳಿದಿಲ್ಲ."

"ಗೊತ್ತು."

"ಇಷ್ಟು ಬೇಗ ಇಳಿಯೋದೂ ಇಲ್ಲ."

"ಕಾಯ್ತೀನಿ."

ಅವನು ಫಿಲ್ಮನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದ. ಅವಳು ಅವನ ಬೆರಳುಗಳ ನಡುವೆ ಸೂಜಿ ಊರಿ, ಉಸಿರು ಬಿಗಿಹಿಡಿದು ಗೀರಿದಳು. ಈಗ ಅವಳ ಕೈ ಪಳಗಿದ ಕೈ. ಸುತ್ತು ಗುಂಡಗೆ, ಅಪ್ಪನದರಂತೆಯೇ, ಅಚ್ಚೊತ್ತಿದ ಹಾಗೆ ಬಂತು.

ಅವನು ಬಗ್ಗಿ ಭೂತಗನ್ನಡಿಯಲ್ಲಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ.

"ಬಾಲ ಎಲ್ಲಿ?"

ಅವಳು ಅವನನ್ನು ಕೆಂಗಣ್ಣಿನಿಂದ ನೋಡಿದಳು. ನಾಲಿಗೆ ಕಚ್ಚಿಕೊಂಡು, ಸೂಜಿಯನ್ನು ಮತ್ತೆ ಅಲ್ಲೇ ಊರಿ, ಬಾಲ ಎಳೆದಳು.