ಮಾರ್ಜಿನ್ ಮಹಾರಾಜ

ಬಿಸಿನೀರಿನ ತಟ್ಟೆಯಲ್ಲಿ ತೂತು ತೂತಿನ ಪ್ಲಾಸ್ಟಿಕ್ ಹಾಳೆ ಮೆತ್ತಗಾಗುವುದನ್ನೇ ಡಾಕ್ಟರಮ್ಮ ತುಟಿ ಬಿಗಿದು ನೋಡುತ್ತಿದ್ದಳು. ಪಕ್ಕದ ಮೇಜಿನ ಮೇಲೆ ಮಾರ್ಜಿನ್ ಮಹಾರಾಜ ಅಂಗಾತ ಮಲಗಿದ್ದ.

ಆ ಹೆಸರಿಟ್ಟವಳು ಅವಳೇ. ಕ್ಯಾನ್ಸರಿಗೆ ರೇಡಿಯೇಷನ್ ಕೊಡುವುದನ್ನು ಕಲಿಯಲು ಬೇರೆ ಬೇರೆ ದೇಶಗಳಿಂದ ಬಂದ ಡಾಕ್ಟರುಗಳಿಗೆ ಅವಳು ಮೇಡಂ. ಸ್ಕ್ಯಾನ್ ಚಿತ್ರದಲ್ಲಿ ಗಡ್ಡೆಯ ಸುತ್ತ ಚೂರು ಜಾಗ, ಅಂದರೆ ಮಾರ್ಜಿನ್, ಬಿಟ್ಟು ಗೆರೆ ಎಳೆಯಿರಿ ಎಂದರೆ ಈ ಪುಣ್ಯಾತ್ಮ ಅರ್ಧ ಗಂಟಲನ್ನೇ ಸುತ್ತುವರಿದುಬಿಡುತ್ತಿದ್ದ.

“ಇದು ಗೆರೆನಾ, ತೋಟದ ಬೇಲಿನಾ?” ಎಂದು ಎಲ್ಲರೆದುರೇ ಕೇಳಿದ್ದಳು.

“ಬೇಲಿನೇ ಮೇಡಂ. ದಿನಾ ಸ್ಕ್ಯಾನ್ ಮಾಡಿ ನೋಡೋ ಮಷೀನ್ ನಮ್ಮಲ್ಲಿಲ್ಲ. ರೋಗಿ ಸ್ವಲ್ಪ ಸರಿದ್ರೂ ಗಡ್ಡೆ ತಪ್ಪಿಸ್ಕೊಳ್ಳುತ್ತೆ,” ಎಂದು ನಕ್ಕಿದ್ದ.

ಆ ನಗುವೋ! ಕೆನ್ನೆಯಲ್ಲಿ ಗುಳಿ ಬೇರೆ. ಇವನಿಗೆ ಗುಳಿ ಬೇಕು ಅಂತ ಯಾರು ಅತ್ತಿದ್ದರು? ಚಮಚವನ್ನು ಪೆನ್ನಿನ ಹಾಗೆ ಹಿಡಿದು ಉಣ್ಣುವ ಗಂಡಸು. ಥೂ ಎಂದುಕೊಳ್ಳುತ್ತಲೇ ಅವಳು ಕ್ಯಾಂಟೀನಿನಲ್ಲಿ ದಿನಾ ಅವನೆದುರಿನ ಕುರ್ಚಿಯನ್ನೇ ಹುಡುಕುತ್ತಿದ್ದಳು.

ತರಬೇತಿಯ ಕೊನೆಯ ದಿನ ಪ್ರತಿ ಡಾಕ್ಟರೂ ರೋಗಿಯಂತೆ, ತಲೆ ಅಲ್ಲಾಡದಂತೆ ಹಿಡಿಯುವ ಈ ಹಾಳೆಯ ಮುಖವಾಡದಡಿ ಮಲಗಬೇಕು ಎಂಬುದು ಇಲ್ಲಿನ ನಿಯಮ. ಇಂದು ಅವನ ಸರದಿ.

“ದೊಡ್ಡ ಡಾಕ್ಟರು ಇಲ್ಲೇ ಕೆಲಸ ಕೊಡ್ತೀನಿ ಅಂದ್ರಂತೆ?”

“ಬೇಡ ಅಂದೆ ಮೇಡಂ. ನಮ್ಮ ಆಸ್ಪತ್ರೇಲಿ ಈ ಕೆಲಸಕ್ಕೆ ನಾನೊಬ್ಬನೇ. ನಾಳೆ ಫ್ಲೈಟು.”

“ಹೋಗಿ, ಬೇಲಿ ಹಾಕ್ಕೊಂಡು ಸುಖವಾಗಿರಿ.”

“ನೀವು ಬೈದಷ್ಟು ನಮ್ಮಮ್ಮನೂ ಬೈದಿಲ್ಲ. ಅಲ್ಲಿ ಯಾರು ಬೈತಾರೆ ನನ್ನ?”

“ಬಾಯಿ ಮುಚ್ಚಿ. ನಗಬೇಡಿ, ಅಚ್ಚು ಕೆಡುತ್ತೆ. ಕಷ್ಟ ಆದ್ರೆ ಕೈ ಎತ್ತಿ.”

ಬೆಚ್ಚಗಿನ ಹಾಳೆಯನ್ನು ಅವನ ಮುಖದ ಮೇಲೆಳೆದು ಹಣೆ, ಮೂಗು, ಗಲ್ಲ ತೀಡಿದಳು. ಗುಳಿಯ ಜಾಗದಲ್ಲಿ ಬೆರಳು ಬೇಕೆಂದೇ ತುಸು ನಿಂತಿತು. ಅಂಚಿನ ಕ್ಲಿಪ್ಪುಗಳನ್ನು ಮೇಜಿಗೆ ಒತ್ತಿದಳು. ಹಾಳೆ ಗಟ್ಟಿಯಾಯಿತು, ಇನ್ನು ಅವನ ದವಡೆ ಅಲ್ಲಾಡುವಂತಿಲ್ಲ.

ಈಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎಂಥ ಧೈರ್ಯವಂತೆ! ಬಾಯಿ ಕಟ್ಟಿಹಾಕಿದ ಗಂಡಸಿನ ಮುಂದೆ ಮಾತ್ರ ಮನಸ್ಸು ಬಿಚ್ಚುವವಳು.

“ಅಲ್ಲಿ ನಿಮ್ಮ ಗೆರೆ ತಿದ್ದೋರು ಯಾರೂ ಇಲ್ಲ,” ಎಂದಳು. ದನಿ ಬೈಯುವ ದನಿಯೇ. “ನನ್ನನ್ನೂ ಕರ್ಕೊಂಡು ಹೋಗಿ.”

ಅವನ ಕೈ ಏಳಲಿಲ್ಲ, ಮೇಜಿನ ಮೇಲೆ ಹಾಗೇ ಇತ್ತು. ಸ್ವಿಚ್ ಆರಿಸದ ಬಿಸಿನೀರಿನ ತಟ್ಟೆ ಗುಂಯ್‌ಗುಡುತ್ತಿತ್ತು. ಅವಳ ಕೈ ಕ್ಲಿಪ್ಪಿನವರೆಗೆ ಹೋಗಿ, ಅದನ್ನು ಬಿಚ್ಚದೆ ನಿಂತಿತು.

“ಕರ್ಕೊಂಡು ಹೋಗಿ,” ಎಂದಳು ಮತ್ತೆ.