ಅಪ್ಪನ ಪಿಸುಮಾತು

ಅವಳು ಬಾಗಿಲು ತೆರೆದಾಗ ಹೊರಗೆ ನಿಂತಿದ್ದವನ ಕಂಕುಳಲ್ಲಿ ಒಂದು ದಿಂಬಿತ್ತು.

ಅವಳ ರಜೆಯ ದಿನ, ನಡು ಮಧ್ಯಾಹ್ನ. ಕೆದರಿದ ಕೂದಲು, ಕೆಂಪಾದ ಕಣ್ಣು, ಮೊಣಕೈಗೆ ಅಂಟಿ ಒಣಗಿದ ಹಿಟ್ಟು. ಪಕ್ಕದ ಮನೆಗೆ ಹೊಸದಾಗಿ ಬಂದ ಬೇಕರಿಯವನು ಇವನೇ ಇರಬೇಕು ಅಂದುಕೊಂಡಳು. ರಾತ್ರಿಯೆಲ್ಲ ಬ್ರೆಡ್ ಬೇಯಿಸಿ, ಬೆಳಿಗ್ಗೆ ವ್ಯಾನಿನಲ್ಲಿ ಅಂಗಡಿಗಳಿಗೆ ಹಾಕಿ, ಹಗಲು ಮಲಗುತ್ತಾನಂತೆ ಎಂದು ಕೆಳಗಿನ ಮನೆಯ ಆಂಟಿ ಹೇಳಿದ್ದರು.

"ಈ ದಿಂಬನ್ನ ತಲೆ ಕೆಳಗೆ ಇಟ್ಕೊಂಡೆ, ಆಗ್ಲಿಲ್ಲ. ತಲೆ ಮೇಲೆ ಇಟ್ಕೊಂಡೆ, ಆಗ್ಲಿಲ್ಲ," ಎಂದ ಅವನು. "ಇನ್ನೆಲ್ಲಿ ಇಟ್ಕೊಳ್ಳಲಿ, ನೀವೇ ಹೇಳಿ."

ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಯಾರ್ಯಾರದೋ ಮುಖಕ್ಕೆ ಫ್ರೇಮು ಕೂರಿಸುವ ಕೆಲಸ ಅವಳದು. ಆದರೂ ಹೊಸಬರು ಎದುರಿಗೆ ನಿಂತರೆ ನಾಲಿಗೆ ಒಣಗುತ್ತಿತ್ತು. ಹಿಂದೆ ಹಾಲಿನಲ್ಲಿ ಟೀವಿ ಗಂಟಲು ಹರಿದುಕೊಳ್ಳುತ್ತಿತ್ತು. ಸೀರಿಯಲ್ಲಿನ ಅತ್ತೆ ಚೀರುತ್ತಿದ್ದಳು, ಸೊಸೆ ಬಿಕ್ಕುತ್ತಿದ್ದಳು, ಗೋಡೆಗೆ ತೂಗುಹಾಕಿದ್ದ ಅಮ್ಮನ ಫೋಟೋ ಸಣ್ಣಗೆ ನಡುಗುತ್ತಿತ್ತು.

"ಅಪ್ಪನಿಗೆ... ಕಿವಿ ಸರಿಯಾಗಿ ಕೇಳಲ್ಲ. ಬಟ್ಟೆ ಗಿರಣಿಯಲ್ಲಿ ಮೇಸ್ತ್ರಿ ಆಗಿದ್ರು. ಮಗ್ಗದ ಸದ್ದಿಗೆ ಹೀಗಾಯ್ತು."

ಅವನು ಅವಳ ಭುಜದಾಚೆ ನೋಡಿದ. ಕುರ್ಚಿಯ ತುದಿಗೆ ಜಾರಿ, ಕಿವಿಗೆ ಕೈ ಅಡ್ಡ ಹಿಡಿದು, ಪರದೆಯ ಕಡೆ ಬಾಗಿ ಕೂತಿದ್ದ ಮುದುಕನನ್ನು ಕಂಡ. ಸಿಟ್ಟು ಇಳಿಯಿತೆಂದು ಕಾಣುತ್ತದೆ.

"ಸರಿ, ಒಂದು ವಿಷಯ ಹೇಳ್ಬಿಡಿ. ಆ ಸೊಸೆ ಹಾಲಿಗೆ ವಿಷ ಹಾಕಿದ್ಲಾ, ಇಲ್ವಾ? ಗೋಡೆಯಾಚೆ ಅರ್ಧ ಮಾತ್ರ ಕೇಳ್ಸುತ್ತೆ."

ಅವಳಿಗೆ ನಗು ಬಂತು. ಆದರೆ ಅಷ್ಟರಲ್ಲಿ ಗಾಬರಿಯಿಂದ ಬಾಗಿಲು ಹಾಕಿಬಿಟ್ಟಿದ್ದಳು.

'ಛೇ... ಕ್ಷಮಿಸಿ ಅಂತಲಾದರೂ ಅನ್ನಬೇಕಿತ್ತು.'

ಮಾರನೆಯ ವಾರ ಅವನು ಮತ್ತೆ ಬಂದ. ಈ ಸಲ ಕೈಯಲ್ಲಿ ದಿಂಬಿರಲಿಲ್ಲ, ಒಂದು ಡಬ್ಬಿಯಿತ್ತು. ಒಳಗೆ ಪುಟ್ಟದೊಂದು ಸ್ಟ್ಯಾಂಡು, ಎರಡು ಹೆಡ್‌ಫೋನು. ವೈರಿಲ್ಲದವು.

"ಜೋಡಿಯಾಗೇ ಬರುತ್ತೆ ಮೇಸ್ತ್ರಿಗಳೇ. ನನ್ನ ನಿದ್ದೆಗೆ ನಾನೇ ಕೊಟ್ಟ ಲಂಚ ಅಂದ್ಕೊಳ್ಳಿ," ಎನ್ನುತ್ತಾ ಟೀವಿಯ ಬೆನ್ನಿಗೆ ಸ್ಟ್ಯಾಂಡಿನ ಪಿನ್ನು ಚುಚ್ಚಿ, ಒಂದನ್ನು ಅಪ್ಪನ ತಲೆಗೆ ಏರಿಸಿದ.

ಅಪ್ಪ ಮೊದಲು ಬೆಚ್ಚಿದರು. ಆಮೇಲೆ ಕಣ್ಣರಳಿಸಿದರು. ಎದ್ದು ಅಡುಗೆಮನೆಗೆ ಬಂದರು, ಬಚ್ಚಲಿಗೆ ಹೋದರು, ಬಾಲ್ಕನಿಗೂ ಹೋಗಿಬಂದರು.

"ಪುಟ್ಟೀ, ಇಲ್ಲೂ ಕೇಳ್ತಿದೆ! ಆ ಸೊಸೆ ಲೋಟದಲ್ಲಿ ಚಮಚ ಆಡ್ಸಿದ್ದೂ ಕೇಳ್ತು ಕಣೇ. ಚಮಚದ ಸದ್ದು ಹೀಗಿರುತ್ತೆ ಅನ್ನೋದೇ ಮರ್ತುಹೋಗಿತ್ತು."

ಅಪ್ಪನ ಕಣ್ಣಲ್ಲಿ ನೀರಿತ್ತು. ಅವಳಿಗೂ ಸಂತೋಷವಾಗಬೇಕಿತ್ತು.

ಆದರೆ ಟೀವಿಯ ಸದ್ದೆಲ್ಲ ಹೆಡ್‌ಫೋನಿಗೆ ಹೋಗಿ ಮನೆ ಒಮ್ಮೆಲೇ ಬರಿದಾಯಿತು. ಅಮ್ಮ ಹೋದ ಮೇಲೆ ಆ ಗದ್ದಲವೇ ಮನೆಯ ಮೂರನೆಯ ಸದಸ್ಯನಂತಿತ್ತು. ಅದನ್ನು ಕೇಳುತ್ತಾ ಅಡುಗೆ ಮಾಡುತ್ತಿದ್ದಳು, ಒಲೆಯ ಮುಂದೆ ನಿಂತೇ ಅಪ್ಪನ ಜೊತೆ ಆ ಅತ್ತೆಯನ್ನು ಬೈಯುತ್ತಿದ್ದಳು. ಈಗ ಚಿತ್ರಗಳು ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದವು. ಅಪ್ಪ ಒಬ್ಬರೇ ನಗುತ್ತಿದ್ದರು. ಯಾಕೆ ನಕ್ಕರೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಬೇಕರಿಯವನು ಸಂಜೆ ಕೆಲಸಕ್ಕೆ ಹೋಗುವ ಮುಂಚೆ ಬರತೊಡಗಿದ. ಎರಡನೆಯ ಹೆಡ್‌ಫೋನು ಅವನದಾಯಿತು. ಇಬ್ಬರೂ ಒಂದೇ ಗಳಿಗೆಯಲ್ಲಿ ನಗುತ್ತಿದ್ದರು, ಒಂದೇ ಗಳಿಗೆಯಲ್ಲಿ ಅಯ್ಯೋ ಅನ್ನುತ್ತಿದ್ದರು. ಅವಳು ಚಹಾ ಇಟ್ಟು ಅಡುಗೆಮನೆಗೆ ವಾಪಸಾಗುತ್ತಿದ್ದಳು.

"ನೀವು ಹಾಕ್ಕೊಳ್ಳಿ, ನಾನು ನಾಳೆ ನೋಡ್ತೀನಿ," ಎಂದು ಅವನು ತೆಗೆದುಕೊಡಲು ಬಂದರೆ, "ಬೇಡ, ಕೆಲಸ ಇದೆ," ಅನ್ನುತ್ತಿದ್ದಳು. ಕೆಲಸವೇನೂ ಇರುತ್ತಿರಲಿಲ್ಲ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು. ಮೆಟ್ಟಿಲಲ್ಲಿ ಅವನ ಚಪ್ಪಲಿ ಸದ್ದಾದರೆ ಮಾತ್ರ ಯಾಕೋ ಕೈ ತಾನಾಗಿ ಕೂದಲು ಸರಿಮಾಡುತ್ತಿತ್ತು.

'ಇವರಿಗೆ ನನ್ನ ಕಂಡರೆ ಆಗಲ್ಲ' ಎಂದು ಅವನೂ ತೀರ್ಮಾನಿಸಿದ್ದ.

ಅಪ್ಪನ ಮತ್ತು ಬೇಕರಿಯವನ ಮಾತುಕತೆಯ ರೀತಿಯೇ ವಿಚಿತ್ರ. ಗಿರಣಿಯಲ್ಲಿ ಕಿವಿ ನಂಬಿ ಬದುಕಿದವರಿಲ್ಲ. ಅಷ್ಟು ಸದ್ದಿನ ನಡುವೆ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಅಪ್ಪನಿಗೆ ಆ ವಿದ್ಯೆ ಇನ್ನೂ ಇತ್ತು. ಹೀಗಾಗಿ ಬೇಕರಿಯವನು ದನಿ ತೆಗೆಯದೆ ತುಟಿ ಆಡಿಸಿದರೆ ಸಾಕಾಗುತ್ತಿತ್ತು. ಅಪ್ಪನ ಕಥೆ ಮಾತ್ರ ಬೇರೆ. ಹೆಡ್‌ಫೋನು ಹಾಕಿಕೊಂಡವರಿಗೆ ತಮ್ಮ ದನಿ ತಮಗೇ ಕೇಳುವುದಿಲ್ಲ. ಗುಟ್ಟು ಹೇಳುತ್ತಿದ್ದೇನೆ ಅಂದುಕೊಂಡು ಅಪ್ಪ ಇಡೀ ಮಹಡಿಗೇ ಸಾರುತ್ತಿದ್ದರು.

"ಇವತ್ತು ಚಹಾಕ್ಕೆ ಸಕ್ಕರೆ ನೋಡಿದ್ಯಾ? ನೀನು ಬರ್ತೀಯ ಅಂತ. ನನಗೆ ಒಂದಿನ ಹೀಗೆ ಹಾಕಿಲ್ಲ, ಕಂಜೂಸಿ."

ಒಳಗೆ ಅವಳ ಕಿವಿ ಕೆಂಪಾಗುತ್ತಿತ್ತು. ಹೊರಗೆ ಬೇಕರಿಯವನಿಗೆ ಚಹಾ ನೆತ್ತಿಗೇರುತ್ತಿತ್ತು.

ಅಂಥದೇ ಒಂದು ಸಂಜೆ ಅವಳು ತರಕಾರಿ ಹೆಚ್ಚುತ್ತಿದ್ದಳು. ಅಪ್ಪನ ಪಿಸುಮಾತು ಶುರುವಾಯಿತು.

"ಡಾಕ್ಟರು ಕೈ ಚೆಲ್ಲಿಬಿಟ್ರು ಕಣಪ್ಪ. ಇನ್ನು ಔಷಧಿ ಎಲ್ಲ ಬರೀ ನೋವಿಗೆ, ಅಷ್ಟೇ ಅಂದ್ರು. ನೀನು ನನ್ನನ್ನ ವ್ಯಾನಿನಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಪುಟ್ಟಿಗೆ ಗೊತ್ತಾಗಬಾರದು."

ಚಾಕು ನಿಂತಿತು.

ಈಗ ಬೇಕರಿಯವನ ತುಟಿ ಆಡುತ್ತಿರಬೇಕು.

"ಇಲ್ಲಪ್ಪ, ಹೇಳಲ್ಲ. ಹೇಳಿದ್ರೆ ಈಗಿಂದಲೇ ಅಳ್ತಾಳೆ. ಅವಳಮ್ಮ ಹೋಗೋವಾಗ ನೋಡಿದೀನಿ, ಹುಡುಗಿ ಅತ್ತೂ ಅತ್ತೂ ಅರ್ಧ ಆಗಿದ್ಲು. ಇರೋಷ್ಟು ದಿನ ಅವಳು ನಗ್ತಾ ಇರಬೇಕು."

ಅವಳು ಗೋಡೆ ಹಿಡಿದು ಬಾಗಿಲ ಹತ್ತಿರ ಬಂದಳು.

"ಒಂದು ಮಾತು ಕೇಳ್ತೀನಿ, ಇಲ್ಲ ಅನ್ಬೇಡ. ನನ್ನ ನಂತರ ಅವಳಿಗೆ ಯಾರೂ ಇಲ್ಲ. ನೀನು ಅವಳ ಕೈ ಹಿಡೀತೀಯಾ?"

ಬಾಗಿಲ ಪರದೆಯ ಸಂದಿಯಿಂದ ಅವಳು ನೋಡಿದಳು. ಬೇಕರಿಯವನು ಅಪ್ಪನ ಎರಡೂ ಕೈ ಹಿಡಿದುಕೊಂಡಿದ್ದ. ನಿಧಾನವಾಗಿ, ಆದರೆ ಖಚಿತವಾಗಿ, ತಲೆಯನ್ನು ಅಡ್ಡಡ್ಡ ಆಡಿಸುತ್ತಿದ್ದ. ತುಟಿ ಏನೋ ಹೇಳುತ್ತಲೇ ಇತ್ತು.

"ಹ್ಞೂಂ... ನೀನು ಹೇಳೋದೂ ಸರಿನೇ," ಎಂದು ಅಪ್ಪ ಕಣ್ಣೊರೆಸಿಕೊಂಡರು. "ಇರಲಿ ಬಿಡು. ಈ ಮಾತು ನಮ್ಮಿಬ್ಬರಲ್ಲೇ ಇರಲಿ."

ಅವಳು ಮರಳಿ ಅಡುಗೆಮನೆಗೆ ಬಂದು ನಲ್ಲಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಅತ್ತಳು. ಅಪ್ಪನಿಗಾಗಿ ಅತ್ತಳು. ಆ ತಲೆಯಾಡಿಸಿದ್ದಕ್ಕೂ ಅತ್ತಳೇ ಎಂದು ಕೇಳಿದರೆ... ಅಂಥ ಹೊತ್ತಿನಲ್ಲಿ ಅದಕ್ಕೂ ಅಳು ಬಂತಲ್ಲ ಎಂದು ನಾಚಿಕೆಪಟ್ಟಳು.

ಮರುದಿನ ಅಪ್ಪನ ಔಷಧಿ ಚೀಟಿ ಹುಡುಕಿ, ತಾನೇ ಹೋಗಿ ಡಾಕ್ಟರನ್ನು ಕಂಡಳು. ಅಪ್ಪ ಹೇಳಿದ್ದೆಲ್ಲ ನಿಜವಾಗಿತ್ತು. ಸಂಜೆ ಮೆಟ್ಟಿಲ ಮೇಲೆ ಬೇಕರಿಯವನನ್ನು ತಡೆದಳು.

"ನನಗೆ ಯಾಕೆ ಹೇಳಲಿಲ್ಲ ನೀವು?"

ಅವನ ಮುಖ ಬಿಳಿಚಿತು. "ಯಾರು ಹೇಳಿದ್ರು?"

"ಅಪ್ಪನೇ. ಪಿಸುಮಾತಲ್ಲಿ."

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. "ದಿನಾ ಹೇಳ್ತಿದ್ದೆ, ಮಗಳಿಗೆ ಹೇಳಿ ಅಂತ. ಕೇಳಲಿಲ್ಲ. ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು." ಆಮೇಲೆ ತಲೆಯೆತ್ತಿದ. "ಎಲ್ಲಾ ಕೇಳಿಸ್ತಾ?"

"ಎಲ್ಲಾ."

"ಹಾಗಾದ್ರೆ ನಾನು ನಿಮ್ಮ ಹತ್ರ..."

"ಬೇಡ," ಎಂದಳು ಅವಳು. ದನಿ ತಾನಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. "ನನ್ನ ವಿಷಯ ಮಾತಾಡೋದೇ ಬೇಡ. ನನಗೆ ಗೊತ್ತಾಗಿದೆ ಅಂತ ಅಪ್ಪನಿಗೆ ತಿಳಿಯಬಾರದು, ಅಷ್ಟೇ. ಅವರಿಗೆ ನೀವು ಬಂದ್ರೆ ಖುಷಿ. ಬರ್ತಾ ಇರಿ."

ಅವನು ಗೋಡೆ ಹಿಡಿದು ಎದ್ದು ನಿಂತ. "ಆಯ್ತು," ಎಂದ.

ಅಂಗಡಿಗೆ ರಜೆ ಹಾಕಿದಳು. ಯಾಕೆಂದು ಅಪ್ಪ ಕೇಳಿದರೆ, ಫ್ರೇಮುಗಳ ಮುಖ ನೋಡಿ ನೋಡಿ ಬೇಜಾರಾಗಿದೆ ಎಂದಳು. ಬೇಕರಿಯವನು ಎರಡನೆಯ ಹೆಡ್‌ಫೋನನ್ನು ಅವಳ ಕುರ್ಚಿಯ ಮೇಲೆ ಇಟ್ಟ. ತಾನು ಹಿಂದೆ ಮಂಚದ ಅಂಚಿಗೆ ಕೂತು ಸದ್ದಿಲ್ಲದ ಚಿತ್ರ ನೋಡತೊಡಗಿದ.

ಮೊದಲ ಸಲ ಅದನ್ನು ಹಾಕಿಕೊಂಡಾಗ ಅವಳಿಗೆ ಅಪ್ಪನ ಲೋಕ ತೆರೆಯಿತು. ನಟಿಯ ಉಸಿರು, ಬಾಗಿಲ ಕಿರುಗುಟ್ಟುವಿಕೆ, ದೂರದಲ್ಲೆಲ್ಲೋ ಕಾಗೆ. ಎಲ್ಲವೂ ಕಿವಿಯ ಪಕ್ಕದಲ್ಲೇ. 'ಇಷ್ಟು ದಿನ ಇದಕ್ಕಾ ನಾನು ಹೊಟ್ಟೆಕಿಚ್ಚು ಪಟ್ಟಿದ್ದು...'

ದಿನ ಕಳೆದಂತೆ ಅಪ್ಪ ಕುರ್ಚಿಯಿಂದ ಹಾಸಿಗೆಗೆ ಬಂದರು. ಅವಳೂ ಬೇಕರಿಯವನೂ ಸೇರಿ ಟೀವಿಯನ್ನು ಅವರ ಕಾಲ ಕಡೆಗೆ ತಿರುಗಿಸಿಟ್ಟರು. ಒಂದು ಸಂಜೆ ಅಪ್ಪ ಪರದೆಯಿಂದ ಕಣ್ಣು ತೆಗೆಯದೆ ಮಾತಾಡಿದರು. ಮಗಳ ಕಿವಿಯೂ ಮುಚ್ಚಿದೆ, ಅವಳಿಗೂ ತನ್ನಂತೆಯೇ ಏನೂ ಕೇಳದು ಎಂಬ ನಂಬಿಕೆ ಅವರದು.

"ನಿನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ ಕಣೇ ಪುಟ್ಟಿ. ಒಂಚೂರೂ ಮನಸ್ಸಿಲ್ಲ."

ಸೀರಿಯಲ್ಲಿನ ಅಷ್ಟೂ ಸಂಗೀತವನ್ನು ಸೀಳಿಕೊಂಡು ಅದು ಅವಳೊಳಗೆ ಇಳಿಯಿತು. ಅವಳು ತಿರುಗಲಿಲ್ಲ. ತಿರುಗಿದರೆ ಅಪ್ಪನ ಗುಟ್ಟು ಗುಟ್ಟಾಗಿ ಉಳಿಯುತ್ತಿರಲಿಲ್ಲ. ಪರದೆಯನ್ನೇ ದಿಟ್ಟಿಸಿದಳು, ಅಲ್ಲಿ ಸೋಪಿನ ಜಾಹೀರಾತು ಬರುತ್ತಿತ್ತು.

ಅಪ್ಪ ಅವಳ ಕೆನ್ನೆ ನೋಡಿಬಿಟ್ಟರು. "ಯಾಕೇ, ಅಳ್ತಿದೀಯಾ?"

ಅವಳು ಹೆಡ್‌ಫೋನು ತೆಗೆದು, ತುಟಿ ಕಾಣುವ ಹಾಗೆ ಅವರ ಕಡೆ ಬಾಗಿದಳು. "ಸೀರಿಯಲ್ಲು ಅಪ್ಪ... ಆ ಹುಡುಗಿ ಪಾಪ."

"ಹುಚ್ಚಿ. ಅದೆಲ್ಲ ಸುಳ್ಳು ಕಣೇ," ಎಂದು ಅಪ್ಪ ಅವಳ ತಲೆ ಸವರಿದರು.

ಹಿಂದೆ ಮಂಚದ ಅಂಚಿನಲ್ಲಿ ಕೂತಿದ್ದವನು ಎದ್ದು ಬಾಲ್ಕನಿಗೆ ಹೋದ. ಬಹಳ ಹೊತ್ತು ಒಳಗೆ ಬರಲಿಲ್ಲ.

ಆ ಸೀರಿಯಲ್ಲಿನ ಕೊನೆಯ ಕಂತು ಬರುವ ಮೊದಲೇ ಅಪ್ಪ ಹೊರಟುಹೋದರು.

ಬೇಕರಿಯವನು ಎಲ್ಲದಕ್ಕೂ ಓಡಾಡಿದ, ಹೆಗಲು ಕೊಟ್ಟ. ಆಮೇಲೆ ಮನೆಯೊಳಗೆ ಕಾಲಿಡಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಬಾಗಿಲ ಹಿಡಿಗೆ ಬಿಸಿ ಬ್ರೆಡ್ಡಿನ ಪೊಟ್ಟಣ ಮಾತ್ರ ನೇತಾಡುತ್ತಿತ್ತು. ಅವಳು ಅದನ್ನು ಒಳಗೆ ತಂದು ಮೇಜಿನ ಮೇಲಿಟ್ಟು ನೋಡುತ್ತಾ ಕೂರುತ್ತಿದ್ದಳು.

'ಕೈ ಹಿಡಿಯಲ್ಲ ಅಂದವರಿಗೆ ಇದೆಲ್ಲ ಯಾಕೆ? ಅಪ್ಪನ ಮುಖ ನೋಡಿ ಕನಿಕರ. ಕನಿಕರಕ್ಕಾದರೆ ನನಗೆ ಬೇಡ.'

ಪೊಟ್ಟಣ ಬಿಚ್ಚದೆ ಹಾಗೇ ಉಳಿಯುತ್ತಿತ್ತು. ಹಾಗೆಂದು ಪೊಟ್ಟಣ ಬರುವುದು ತಡವಾದರೆ ಕಿವಿ ಬಾಗಿಲಲ್ಲೇ ಇರುತ್ತಿತ್ತು. ಇದೆಂಥ ಮನಸ್ಸು!

ಒಂದು ದಿನ ಪೊಟ್ಟಣ ಸರಗುಟ್ಟುವ ಸದ್ದಾದ ಕೂಡಲೇ ಬಾಗಿಲು ತೆರೆದಳು. ಅವನು ಕಳ್ಳನಂತೆ ನಿಂತುಬಿಟ್ಟ.

"ಇದು ಯಾಕೆ?"

"ಕೆಳಗಿನ ಮನೆ ಆಂಟಿ ಹೇಳಿದ್ರು. ನೀವು ಸರಿಯಾಗಿ ಊಟ ಮಾಡ್ತಿಲ್ಲವಂತೆ."

"ಅಪ್ಪನಿಗೆ ಮಾತು ಕೊಟ್ಟಿದ್ರಾ, ಮಗಳನ್ನ ನೋಡ್ಕೋತೀನಿ ಅಂತ?"

"ಇಲ್ಲ," ಎಂದ ಅವನು. "ಅವರು ಕೇಳಿದ್ರು. ನಾನು ಆಗಲ್ಲ ಅಂದೆ."

"ಗೊತ್ತು. ಪರದೆ ಹಿಂದೆ ನಿಂತು ನೋಡಿದೆ."

ಅವನಿಗೆ ಈಗ ಅರ್ಥವಾಯಿತು. ಕೈಯಲ್ಲಿದ್ದ ಪೊಟ್ಟಣ ಕೆಳಗಿಳಿಯಿತು. "ನೋಡಿದ್ರಿ... ಆದರೆ ನಾನು ಏನಂದೆ ಅಂತ ನಿಮಗೆ ಕೇಳಲಿಲ್ಲ, ಅಲ್ವಾ?"

ಅವಳು ಹೌದೆಂದು ತಲೆಯಾಡಿಸಿದಳು.

"'ನೀವು ಕೇಳಿದ್ದಕ್ಕೆ ಒಪ್ಪಿದ್ರೆ, ಜೀವನ ಪೂರ್ತಿ ನಿಮ್ಮ ಮಗಳಿಗೆ ಅನುಮಾನ ಉಳಿಯುತ್ತೆ ಮೇಸ್ತ್ರಿಗಳೇ. ಇವನು ನನಗೋಸ್ಕರ ಬಂದನಾ, ಅಪ್ಪನ ಮಾತಿಗೆ ಬಂದನಾ ಅಂತ. ಅದಕ್ಕೆ ನಿಮಗೆ ಹೂಂ ಅನ್ನಲ್ಲ. ನಾನೇ ಕೇಳ್ತೀನಿ ಅವರನ್ನ. ಆ ಹುಡುಗಿ ಅಡುಗೆಮನೆಯಿಂದ ಈಚೆ ಬರಲಿ, ಸಾಕು' ಅಂದೆ. ಅದಕ್ಕೇ ನಿಮ್ಮಪ್ಪ ಸರಿ ಅಂದಿದ್ದು."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಮತ್ತೆ... ಯಾಕೆ ಕೇಳಲಿಲ್ಲ?"

"ಮೆಟ್ಟಿಲ ಮೇಲೆ ಬಾಯಿ ತೆರೆದೆ. ಮಾತೇ ಬೇಡ ಅಂದ್ರಿ. ನಿಮಗೆ ನಾನು ಬೇಡ ಅಂದ್ಕೊಂಡೆ." ಅವನು ಪೊಟ್ಟಣವನ್ನು ಕೈಯಿಂದ ಕೈಗೆ ಬದಲಿಸಿದ. "ಈಗ ಕೇಳಿದ್ರೆ, ಅಪ್ಪ ಇಲ್ಲದವಳು ಅಂತ ಪಾಪ ನೋಡ್ತಿದಾನೆ ಅಂತೀರಿ. ಅದಕ್ಕೇ ಬ್ರೆಡ್ಡಿಟ್ಟು ಓಡ್ತಿದ್ದೆ."

ಮೆಟ್ಟಿಲ ಕಿಟಕಿಯಿಂದ ಬೆಳಕು ಅವನ ತೋಳಿನ ಹಿಟ್ಟಿನ ಮೇಲೆ ಬಿದ್ದಿತ್ತು. ಹೇಳಬಾರದ ಹೊತ್ತಿನಲ್ಲಿ ಒಂದೇ ಮಾತು ಗಡುಸಾಗಿ ಆಡಿ, ಹೇಳಬೇಕಾದದ್ದನ್ನೆಲ್ಲ ನುಂಗಿಕೊಂಡು, ಎಷ್ಟು ದಿನ ಕಳೆದುಬಿಟ್ಟೆ ಅನ್ನಿಸಿತು ಅವಳಿಗೆ. ಅಪ್ಪ ಇದ್ದಾಗಲೇ ಇದು ಆಗಬಹುದಿತ್ತು. ಅವರು ನೋಡಬಹುದಿತ್ತು. ಆ ದುಃಖಕ್ಕೆ ಇನ್ನು ಮದ್ದಿಲ್ಲ.

"ನೀವು ಕೇಳ್ಬೇಡಿ," ಎಂದಳು.

ಅವನು ತಲೆ ತಗ್ಗಿಸಿದ. ಪೊಟ್ಟಣವನ್ನು ಹಿಡಿಗೆ ಸಿಕ್ಕಿಸಿ ತಿರುಗಿದ.

"ನಾನು ಕೇಳ್ತೀನಿ."

ಅವನು ಹಾಗೇ ನಿಂತ.

ಅವಳ ನಾಲಿಗೆ ಎಂದಿನಂತೆ ಒಣಗಿತ್ತು. ಆದರೂ ಹೊಸ್ತಿಲು ದಾಟಿ ಹೊರಗೆ ಬಂದಳು.

"ಅಪ್ಪ ಹೇಳಿದ್ರು ಅಂತಲ್ಲ. ಒಬ್ಬಳೇ ಇದೀನಿ ಅಂತಲೂ ಅಲ್ಲ. ನೀವು ಬರೋ ಹೊತ್ತಿಗೆ ದಿನಾ ಕಾಯ್ತಿದ್ದೆ, ಅದಕ್ಕೆ. ನನ್ನ ಜೊತೆ ಇರ್ತೀರಾ?"

"ಇರ್ತೀನಿ," ಎಂದ ಅವನು.

"ನಾನು ಇನ್ನೂ ಅಳಬೇಕು," ಎಂದಳು ಅವಳು. "ಅಪ್ಪನ ಮುಂದೆ ಸರಿಯಾಗಿ ಅಳೋಕೇ ಆಗಿಲ್ಲ. ತುಂಬಾ ದಿನ ಅಳ್ತೀನಿ."

"ಅಳಿ."

"ಸಮಾಧಾನ ಮಾಡಬಾರದು."

"ಮಾಡಲ್ಲ. ಪಕ್ಕದಲ್ಲಿ ಕೂತಿರ್ತೀನಿ."

ಅವಳು ಮೇಲಿನ ಮೆಟ್ಟಿಲ ಮೇಲೆ ಕೂತಳು. ಅವನೂ ಕೂತ. ಮೊದಲ ಸಲ, ನಲ್ಲಿಯ ನೀರಿನ ಮರೆಯಿಲ್ಲದೆ, ಇಡೀ ಮಹಡಿಗೆ ಕೇಳುವ ಹಾಗೆ ಅವಳು ಅಪ್ಪನಿಗಾಗಿ ಅತ್ತಳು.